ಪೆಟ್ರೋಲಿನ ಕಾಸು ಯಾರು ಕೊಡಬೇಕು?

ಭೀಮಸಮುದ್ರದ ಅಡಿಕೆ ಪೇಟೆಯ ಹೆಸರು ದೂರದೂರಿಗೂ ಗೊತ್ತು. ಗಣಿಯ ಅದಿರು ಲಾರಿ ಹತ್ತಿ ಹೋಗುತ್ತದೆ. ಆದರೆ ಕಾಲು ಸೋತ ಕೂಲಿಯೊಬ್ಬ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಹೋಗಬೇಕಾದರೆ ನೆರೆಮನೆಯ ಹುಡುಗನ ಬೈಕೇ ಗತಿ. ಬಸ್ಸಿನ ಮೆಟ್ಟಿಲು ಹತ್ತಲಾರದವನಿಗೆ ರಿಯಾಯಿತಿ ಪಾಸು ಜೇಬಿನಲ್ಲಿದ್ದು ಫಲವೇನು? ಹುಡುಗ ಒಂದು ದಿನದ ಕೂಲಿ ಬಿಟ್ಟು ಕರೆದೊಯ್ಯುತ್ತಾನೆ. ಊರವರು ಪುಣ್ಯವಂತನೆಂದು ಹೊಗಳುತ್ತಾರೆ. ಪುಣ್ಯ ಸುರಿದರೆ ಬೈಕು ಓಡೀತೇ?

ಸರ್ಕಾರ ಪಕ್ಕದ ಗಾಲಿಗಳುಳ್ಳ ಸ್ಕೂಟರುಗಳನ್ನು ಹಂಚುತ್ತಿದೆ. ಶಾಸಕರು ಬೀಗದಕೈ ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಇರಲಿ, ಕೈ ಗಟ್ಟಿಯಿರುವವರಿಗೆ ಅದರಿಂದ ದೊಡ್ಡ ಉಪಕಾರವೇ ಆಗಿದೆ. ಕಣ್ಣಿಲ್ಲದವಳು, ಕೈ ನಡುಗುವವನು ಅದನ್ನು ಓಡಿಸುವುದೆಂತು? ಅವರಿಗೆ ಬೇಕಾದದ್ದು ಓಡಿಸುವ ಮನುಷ್ಯ. ನೆಟ್ಟಗೆ ಕೂರಲಾರದವರನ್ನು ಹಿಂದಿನಿಂದ ಹಿಡಿದುಕೊಳ್ಳಲು ಇನ್ನೊಬ್ಬ ಬೇಕು. ಬೈಕಿನ ಮೇಲೆ ಮೂವರು ಕೂತರೆ ಮೋಟಾರು ವಾಹನ ಕಾಯಿದೆಯ 128ನೇ ಕಲಮಿನ ಪ್ರಕಾರ ತಪ್ಪು. ಅಂಥವರಿಗೆ ಆಟೋವೇ ಆಗಬೇಕು.

ಅಂಗವಿಕಲರ ಓಡಾಟಕ್ಕೆ ಕೈಗೆಟುಕುವ ವೆಚ್ಚದಲ್ಲಿ ಅನುಕೂಲ ಮಾಡಬೇಕು, ಕರೆದೊಯ್ಯುವವರ ನೆರವೂ ಅದರಲ್ಲಿ ಸೇರಿರಬೇಕು ಎಂದು 2016ರ ಹಕ್ಕುಗಳ ಕಾಯಿದೆಯ 41ನೇ ಕಲಮು ಸರ್ಕಾರಕ್ಕೆ ಕಟ್ಟು ಹಾಕಿದೆ. ಗ್ರಾಮ ಪಂಚಾಯಿತಿಯೂ ಅಂಗವಿಕಲರಿಗೆಂದು ಶೇಕಡಾ 5 ಹಣ ತೆಗೆದಿಡಬೇಕು. ಆ ಹಣದಲ್ಲಿ ಸವಾರನಿಗೆ ಪೆಟ್ರೋಲು, ದಿನಗೂಲಿ, ಹಿಂದೆ ಕೂರುವವರಿಗೊಂದು ಹೆಲ್ಮೆಟ್ಟು ಕೊಡಲಿ ಎಂಬುದು ನಮ್ಮ ಒತ್ತಾಯ. ಆಸ್ಪತ್ರೆಗೆ ಮಾತ್ರವಲ್ಲ, ಸಂತೆಗೆ, ಜಾತ್ರೆಗೆ, ಬೇಸರ ಕಳೆಯಲು ಕೆರೆ ಏರಿಗೂ. ಮುಂದಿನ ಗ್ರಾಮಸಭೆಯಲ್ಲಿ ಆ ಶೇಕಡಾ 5ರ ಲೆಕ್ಕವನ್ನು ಓದಿ ಹೇಳಿರೆಂದು ಎದ್ದು ಕೇಳುತ್ತೇವೆ.