‘ಪಾಸೆ’ ಅಂದರೆ ಪಾಸಲ್ಲ!

ಬಿಇ ಮುಗಿಸಿ ಫ್ರಾನ್ಸ್‌ನಲ್ಲಿ ಓದುವ ಆಸೆಯಿಂದ ವಾರಾಂತ್ಯದ ಫ್ರೆಂಚ್ ಕ್ಲಾಸಿಗೆ ಸೇರಿದ್ದೇನೆ. ಶುರುವಿನಲ್ಲಿ ಕಲಿತಿದ್ದೆಲ್ಲ ಕಾಫಿ ಕೇಳುವುದು, ರೈಲು ಟಿಕೆಟ್ ಕೊಳ್ಳುವುದು. ಓದಿನ ಬಗ್ಗೆ ಮಾತಾಡುವ ಪಾಠ ಬಂದ ದಿನ ಮಾತ್ರ ಸಿಕ್ಕಿಬಿದ್ದೆ.

‘ನಿಮ್ಮ ಓದು ಹೇಗೆ ಸಾಗಿದೆ?’ ಎಂದು ಮೇಡಂ ಫ್ರೆಂಚಿನಲ್ಲಿ ಕೇಳಿದರು. ಮ್ಯಾಥ್ಸ್ ಪಾಸಾಗಿದ್ದೇನೆ ಎನ್ನುವ ಧಾಟಿಯಲ್ಲಿ ‘ಜೆ ಪಾಸೆ ಲೆಗ್ಝಾಮ್ಯಾಂ ದ ಮಾತ್’ ಎಂದೆ. ‘ಸರಿ, ಪಾಸಾದಿರಾ?’ ಎಂದು ಮತ್ತೆ ಕೇಳಿದರು. ಫ್ರೆಂಚಿನಲ್ಲಿ ಪರೀಕ್ಷೆಯನ್ನು ‘ಪಾಸೆ’ ಮಾಡುವುದೆಂದರೆ ಬರೆಯುವುದು, ಅಷ್ಟೇ. ಪಾಸಾಗುವುದಕ್ಕೆ ‘ರೆಯುಸೀರ್’ ಎಂಬ ಬೇರೆ ಕ್ರಿಯಾಪದವಿದೆ. ಸುಳ್ಳು ಹೇಳಲು ಹೋಗಿ ನಿಜವನ್ನೇ ಹೇಳಿದ್ದೆ. ಮೂರನೇ ಸೆಮ್ ಮ್ಯಾಥ್ಸ್ ನನಗಿನ್ನೂ ಬ್ಯಾಕ್ ಇದೆ.

ನಾವು ‘ಸಬ್ಜೆಕ್ಟ್ ಹೋಯ್ತು’ ಅನ್ನುತ್ತೇವೆ, ಅದೇ ಎದ್ದು ನಡೆದುಹೋದ ಹಾಗೆ! ಫ್ರೆಂಚಿನಲ್ಲಿ ‘ಜೆ ರಾತೆ’ ಎನ್ನಬೇಕು. ತಪ್ಪಿಸಿಕೊಂಡವನು ನಾನೇ. ಬಸ್ ತಪ್ಪಿದರೂ ಇದೇ ಕ್ರಿಯಾಪದ. ಅಂದರೆ ಇನ್ನೊಂದು ಬಸ್ ಬರುತ್ತದೆ ಎಂದು ನಾನು ಅರ್ಥ ಮಾಡಿಕೊಂಡೆ, ವ್ಯಾಕರಣ ಪುಸ್ತಕದಲ್ಲಿ ಹಾಗೇನೂ ಬರೆದಿಲ್ಲ.

ಕಾಫಿ ಕೇಳುವುದನ್ನು ಕೈಸನ್ನೆಯಲ್ಲೂ ನಿಭಾಯಿಸಬಹುದು. ಓದಲು ಹೋಗುವವರು ಮೊದಲು ಕಲಿಯಬೇಕಾದ್ದು ಓದಿನ ಮಾತುಗಳನ್ನೇ ಎಂಬುದು ನನ್ನ ಅನಿಸಿಕೆ. ಡೆಲ್ಫ್ ಪರೀಕ್ಷೆಯ ಮಾತಿನ ಭಾಗದಲ್ಲೂ ನಮ್ಮ ಬಗ್ಗೆ ನಾವೇ ಹೇಳಿಕೊಳ್ಳಬೇಕು. ಮಾತಿನ ಜತೆ ಲೆಕ್ಕವೂ ಗೊತ್ತಿರಬೇಕು. ಅಲ್ಲಿ ಅಂಕ 20ಕ್ಕೆ, 10 ಬಂದರೆ ದಡ ಸೇರಿದಂತೆ. 14 ಎಂದರೆ ನಮ್ಮಲ್ಲಿ ‘ಬರೀ 70 ಪರ್ಸೆಂಟಾ?’ ಎಂದು ಮೂಗು ಮುರಿಯುತ್ತಾರೆ. ಅಲ್ಲಿನ ‘ಬಾಕ್’ ಪರೀಕ್ಷೆಯಲ್ಲಿ ಒಟ್ಟಾರೆ ಸರಾಸರಿ 14 ಇದ್ದರೆ ‘ಬಿಯಾಂ’, ಚೆನ್ನಾಗಿದೆ ಎಂದು ಫಲಿತಾಂಶದ ಜತೆ ಸೇರಿಸುತ್ತಾರೆ.

ಕೊನೆಗೆ ಮೇಡಂ ಹೇಳಿಕೊಟ್ಟ ವಾಕ್ಯ ಇದು: ‘ಜೆ ದ್ಯು ಮಾಲ್ ಆಂ ಮಾತ್, ಮೇ ಜ ಫೆ ದೆ ಪ್ರೊಗ್ರೆ.’ ಮ್ಯಾಥ್ಸ್ ನನಗೆ ಕಷ್ಟ, ಆದರೆ ಸುಧಾರಿಸುತ್ತಿದ್ದೇನೆ. ಇಡೀ ಕ್ಲಾಸಿನ ಮುಂದೆ ಹೇಳಿದೆ. ಯಾರೂ ನಗಲಿಲ್ಲ.

ಊರಿಂದ ಅಪ್ಪ ಪ್ರತಿ ಭಾನುವಾರ ಫೋನ್ ಮಾಡಿ ‘ಓದು ಹೆಂಗೈತೆ ಮಗಾ?’ ಅಂತ ಕೇಳುತ್ತಾರೆ. ಒಂದು ವರ್ಷದಿಂದ ನನ್ನದು ಒಂದೇ ಉತ್ತರ, ‘ನಡೀತಾ ಐತೆ’. ಅವತ್ತು ರಾತ್ರಿ ಅದೇ ಫ್ರೆಂಚ್ ವಾಕ್ಯವನ್ನು ಕನ್ನಡದಲ್ಲಿ ಹೇಳಿಬಿಟ್ಟೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

‘ಮತ್ತೆ ಯಾವಾಗ ಬರೀತೀಯ?’ ಅಂದರು.