ಲೋಟ ಸಾಕ್ಷಿ ಹೇಳಲಿ

ವಿಸ್ಕಿಯನ್ನು ಯಾವ ಲೋಟದಲ್ಲಿ ಕುಡಿಯಬೇಕು ಎಂಬ ಪ್ರಶ್ನೆಯನ್ನು ನಮ್ಮ ನಾಗನೂರಿನಲ್ಲಿ ಎತ್ತಿದರೆ ಜನ ನಕ್ಕಾರು. ಕುಡಿಯಬೇಕೋ ಬಾರದೋ ಎಂಬುದೇ ಇನ್ನೂ ಇತ್ಯರ್ಥವಾಗಿಲ್ಲ, ಲೋಟದ ಮಾತೇಕೆ ಎಂದು ಹಿರಿಯರು ಗದರಿಸಿಯಾರು. ಆದರೂ ನಾನು ಕೇಳಿಯೇ ತೀರುತ್ತೇನೆ. ನಮ್ಮ ಕುಡಿತದ ಅರ್ಧ ಕೇಡು ಲೋಟದಲ್ಲಿಯೇ ಅಡಗಿದೆ ಎಂಬುದು ನನ್ನ ವಾದ.

ಕಳೆದ ಸಲ ಊರಿಗೆ ಹೋದಾಗ ಬೆಂಗಳೂರಿನ ಗೆಳೆಯನೊಬ್ಬ ಜೊತೆಗಿದ್ದ. ಸಂಜೆ ಕಬ್ಬಿನ ಹೊಲದ ನಡುವಿನ ಮನೆಯಲ್ಲಿ ಕುಳಿತಿದ್ದೆವು. ಗೆಳೆಯ ಮಖಮಲ್ಲಿನ ಪೆಟ್ಟಿಗೆ ತೆರೆದು ಕೆತ್ತನೆ ಕೆಲಸದ, ಇಟ್ಟಿಗೆಯಷ್ಟು ಭಾರದ ಗಾಜಿನ ಲೋಟಗಳನ್ನು ಹೊರತೆಗೆದ. ನಮ್ಮ ಕಾಕಾ ಮಾತ್ರ ಮೂಲೆಯಲ್ಲಿ ಬೆನ್ನು ತಿರುಗಿಸಿ ಕುಳಿತು, ಕಾಗದದ ಪೊಟ್ಟಣವೊಂದನ್ನು ಕತ್ತರಿಸಿ ಸ್ಟೀಲಿನ ಲೋಟಕ್ಕೆ ಸುರುವಿಕೊಂಡರು.

“ಗಾಜಿನ ಲೋಟದಲ್ಲಿ ತಗೊಳ್ಳಿ ಕಾಕಾ” ಎಂದ ಗೆಳೆಯ.

“ಬ್ಯಾಡೋ ತಮ್ಮಾ. ಗಾಜಿನ್ಯಾಗ ಹಾಕ್ಕೊಂಡ್ರ ಮಂದಿಗೆ ಕಾಣತೈತಿ. ಇದ್ರಾಗಾದ್ರ ನೀರೋ ಮಜ್ಜಿಗಿಯೋ ಯಾರಿಗೆ ಗೊತ್ತ?”

ಎರಡೇ ಗುಟುಕಿನಲ್ಲಿ ಲೋಟ ಬರಿದಾಯಿತು.

ಈ ಅಡಗಿಸುವ ಚಟ ಇಂದಿನದಲ್ಲ. 1956ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಆ ರಾಜ್ಯದ 1949ರ ಪಾನನಿರೋಧ ಕಾಯಿದೆ ನಮ್ಮ ಹಳ್ಳಿಗಳಿಗೂ ಅನ್ವಯಿಸಿತ್ತು. ಕಾಯಿದೆ ಹೋಯಿತು, ಕದ್ದು ಕುಡಿಯುವ ಗುಟುಕು ಉಳಿಯಿತು. 2007ರಲ್ಲಿ ಕರ್ನಾಟಕ ಸರಕಾರ ಸಾರಾಯಿಯನ್ನು ನಿಷೇಧಿಸಿತು. ಸಾರಾಯಿಯ ಪ್ಲಾಸ್ಟಿಕ್ ಪಾಕೀಟು ಮರೆಯಾಗಿ, ಅಗ್ಗದ ವಿಸ್ಕಿಯ ಕಾಗದದ ಪೊಟ್ಟಣ ಅದರ ಜಾಗ ಹಿಡಿಯಿತು. ಹೆಸರು ಬದಲಾಯಿತು, ಕುಡಿಯುವ ಬಗೆ ಬದಲಾಗಲಿಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ನಮ್ಮ ವಿಸ್ಕಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8 ಪಾಲು ಮದ್ಯಸಾರ. 30 ಮಿಲಿಲೀಟರಿನ ಸಣ್ಣ ಪೆಗ್ಗಿನಲ್ಲಿ ಅದು ಸುಮಾರು 10 ಗ್ರಾಂ. 90 ಮಿಲಿಲೀಟರಿನ ಪೊಟ್ಟಣದಲ್ಲಿ 30 ಗ್ರಾಂ. ಕಾಕಾ ಆ ಎರಡು ಗುಟುಕಿನಲ್ಲಿ ಮೂರು ಪೆಗ್ಗು ಇಳಿಸಿದ್ದರು. ತಾವು ಕುಡಿದದ್ದು ‘ಒಂದು ಲೋಟ’ ಎಂದೇ ಅವರ ನಂಬಿಕೆ. ಸ್ಟೀಲಿನ ಲೋಟ ಮಂದಿಗೆ ಸುಳ್ಳು ಹೇಳಿತು ನಿಜ; ಅದಕ್ಕಿಂತ ದೊಡ್ಡ ಸುಳ್ಳನ್ನು ಅವರಿಗೇ ಹೇಳಿತು.

ಹಾಗಾದರೆ ನನ್ನ ಗೆಳೆಯ ಸತ್ಯಸಂಧನೆ? ಅದೂ ಇಲ್ಲ. ಅವನ ಲೋಟ ಹೊಟ್ಟೆಗಿಂತ ಪ್ರತಿಷ್ಠೆಗೆ ಹೆಚ್ಚು ಒಪ್ಪುವಂಥದು. ಅಗಲವಾದ ಲೋಟದಲ್ಲಿ 60 ಮಿಲಿಲೀಟರು ಸುರಿದರೂ ತಳಕ್ಕಂಟಿದಂತೆ ಕಾಣುತ್ತದೆ. ಕಣ್ಣು ಮೋಸಹೋಗಿ ಕೈ ಇನ್ನಷ್ಟು ಬಗ್ಗುತ್ತದೆ. ತೆರೆದ ಬಾಯಿಯಿಂದ ಪರಿಮಳ ಹಾರಿಹೋಗುತ್ತದೆ; ಉಳಿದದ್ದನ್ನು ಮಂಜುಗಡ್ಡೆ ಅಡಗಿಸುತ್ತದೆ. ಸೀಸ ಬೆರೆಸಿದ ಹಳೆಯ ಬಗೆಯ ಕ್ರಿಸ್ಟಲ್ಲಿನಲ್ಲಿ ನೂರಕ್ಕೆ 24 ಪಾಲಿಗೂ ಹೆಚ್ಚು ಸೀಸದ ಆಕ್ಸೈಡು ಇರುತ್ತದೆ. ಅಂಥ ಹೂಜಿಯಲ್ಲಿ ತಿಂಗಳುಗಟ್ಟಲೆ ಮದ್ಯ ತುಂಬಿಟ್ಟರೆ ಅದರೊಳಗೆ ಸೀಸ ಇಳಿಯುತ್ತದೆ. ಅಂದಚಂದಕ್ಕೆ ಇಷ್ಟು ಬೆಲೆ ತೆರಬೇಕೆ?

ವಿಸ್ಕಿಯ ತವರಾದ ಸ್ಕಾಟ್ಲೆಂಡಿನವರು ಇದನ್ನು ಬಲ್ಲರು. 2001ರಲ್ಲಿ ಅವರು ಬಳಕೆಗೆ ತಂದ ಗ್ಲೆನ್‌ಕೇರ್ನ್ ಲೋಟಕ್ಕೆ ಕೆತ್ತನೆಯೂ ಇಲ್ಲ, ಡೌಲೂ ಇಲ್ಲ. ಹೊಟ್ಟೆ ಉಬ್ಬು, ಬಾಯಿ ಕಿರಿದು, ಮೈ ಪಾರದರ್ಶಕ. ಹೊಟ್ಟೆಯಲ್ಲಿ ಎದ್ದ ಆವಿ ಕಿರಿದಾದ ಬಾಯಿಯಲ್ಲಿ ಕೂಡಿ ಮೂಗಿಗೆ ಮುಟ್ಟುತ್ತದೆ. ನಾಲ್ಕು ಹನಿ ನೀರು ಬೆರೆಸಿದರೆ ಪರಿಮಳದ ಕಣಗಳು ಮೇಲ್ಮೈಗೆ ಬರುತ್ತವೆ ಎಂದು 2017ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದರು. ಬೆಂಗಳೂರಿನ ಅಮೃತ್ ಡಿಸ್ಟಿಲರಿ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಗ್ಲಾಸ್ಗೋ ನಗರದಲ್ಲಿಯೇ ಬಿಡುಗಡೆ ಮಾಡಿತು. ಬಾರ್ಲಿಯಿಂದ ಇಳಿಸಿ ಮರದ ಪೀಪಾಯಿಯಲ್ಲಿ ಮಾಗಿಸಿದ ಅಂಥ ಪೇಯಕ್ಕೆ ಇಂಥ ಲೋಟ ಹೆದರಿಕೆಯಲ್ಲ, ಗೌರವ.

ಆದರೆ ಅದೇ ಲೋಟಕ್ಕೆ ಕಾಕಾನ ಪೊಟ್ಟಣದ ವಿಸ್ಕಿಯನ್ನು ಸುರಿದು ಮೂಸಿ ನೋಡಿರಿ. ಮೂಗು ಚುರ್ರೆನ್ನುತ್ತದೆ. ಏಕೆ? ಘಟಪ್ರಭೆಯ ನೀರು ಕುಡಿದು ಬೆಳೆದ ಕಬ್ಬು ಕಾರಖಾನೆಗೆ ಹೋಗುತ್ತದೆ. ಸಕ್ಕರೆ ತೆಗೆದ ಮೇಲೆ ಉಳಿಯುವುದು ಕಾಕಂಬಿ. ನಮ್ಮ ದೇಶದ ಅಗ್ಗದ ವಿಸ್ಕಿಯಲ್ಲಿ ಬಹುಪಾಲು ಇಂಥ ಕಾಕಂಬಿಯ ಮದ್ಯಸಾರವೇ; ಮೇಲೆ ಒಂದಿಷ್ಟು ಬಣ್ಣ, ಒಂದಿಷ್ಟು ವಾಸನೆ. ಧಾನ್ಯದಿಂದ ಇಳಿಸಿ ಮೂರು ವರ್ಷವಾದರೂ ಮರದಲ್ಲಿ ಮಾಗಿಸದೆ ಇದ್ದರೆ ಯುರೋಪಿನಲ್ಲಿ ಅದನ್ನು ವಿಸ್ಕಿಯೆಂದು ಮಾರುವಂತಿಲ್ಲ. ನಮ್ಮ ಹೊಲದ ಕಬ್ಬೇ ವೇಷ ಹಾಕಿಕೊಂಡು ನಮ್ಮ ಮನೆಗೆ ಮರಳಿ ಬರುತ್ತದೆ. ಸ್ಟೀಲಿನ ಲೋಟ ಆ ವೇಷವನ್ನು ಕಾಯುತ್ತದೆ, ಕಿರಿಬಾಯಿಯ ಗಾಜು ಬಯಲು ಮಾಡುತ್ತದೆ.

ಕುಡಿಯುವುದನ್ನು ಕಲಿಸುತ್ತೀರಾ ಎಂದು ಯಾರಾದರೂ ಕೇಳಬಹುದು. ಇಲ್ಲ ಸ್ವಾಮಿ. ಮದ್ಯಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾರಿದೆ; ಅದನ್ನು ಅಲ್ಲಗಳೆಯಲು ನಾನು ಯಾರು? ಕುಡಿಯದವನಿಗೆ ಯಾವ ಲೋಟವೂ ಬೇಡ. ಕುಡಿಯುವವನಿಗೆ ಮಾತ್ರ ಕಣ್ಣುಕಟ್ಟದ ಲೋಟ ಬೇಕು.

ಅದಕ್ಕಾಗಿ ಸ್ಕಾಟ್ಲೆಂಡಿಗೂ ಹೋಗಬೇಕಿಲ್ಲ. ನಮ್ಮ ಚಹಾದಂಗಡಿಯ ಸಣ್ಣ ಗಾಜಿನ ಗ್ಲಾಸು ಇದೆಯಲ್ಲ, ಅದು ಸಾಕು. ಔಷಧದ ಬಾಟಲಿಯ ಗೆರೆಯುಳ್ಳ ಮುಚ್ಚಳದಿಂದ 30 ಮಿಲಿಲೀಟರು ಅಳೆದು ಹಾಕಿ, ಎಲ್ಲಿಯವರೆಗೆ ಏರಿತೆಂದು ನೋಡಿಕೊಳ್ಳಿರಿ. ಕಾಕಾನಿಗೆ ನಾನು ಹೇಳಿದ್ದೂ ಇಷ್ಟೇ: ಮಂದಿಗೆ ಕಾಣದಂತೆ ಕುಡಿಯುವುದಕ್ಕಿಂತ, ತನಗೆ ಕಾಣುವಂತೆ ಕುಡಿಯುವುದು ಮೇಲು. ಕಂಡ ಮೇಲೂ ಗಂಟಲಿಗೆ ಇಳಿಯುವುದಾದರೆ ಇಳಿಯಲಿ. ಇಳಿಯದಿದ್ದರೆ ಇನ್ನೂ ಒಳ್ಳೆಯದು.