ಮನೆ ಬಿಟ್ಟವರ ಮನೆಯ ನಂಟು

ಧರ್ಮಪ್ರಚಾರಕ್ಕಾಗಿ ಎಳೆಯ ವಯಸ್ಸಿನಲ್ಲೇ ಪರದೇಶಕ್ಕೆ ಹೋದವರು ತಂದೆತಾಯಿ, ಒಡಹುಟ್ಟಿದವರ ಜೊತೆಗಿನ ನಂಟನ್ನು ಎಷ್ಟರಮಟ್ಟಿಗೆ ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಬೇರೆ ಬೇರೆ ಮತಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಆದರೆ ಮನೆಯ ಮೇಲಿನ ಮೋಹ ಕಾಯಕದ ಮೇಲಿನ ನಿಷ್ಠೆಯನ್ನು ಸಡಿಲಿಸೀತು ಎಂಬ ಅನುಮಾನ ಅವುಗಳಲ್ಲಿ ಹೆಚ್ಚಿನವುಗಳ ಹಿಂದೆ ಇದೆ. ಈ ಅನುಮಾನ ಎಷ್ಟು ನಿಜವೆಂದು ಪರಿಶೀಲಿಸಲು ಬೀದರ್ ಸೀಮೆ ತಕ್ಕ ನೆಲ. ಏಕೆಂದರೆ ಇರಾನಿನ ಸೂಫಿಗಳು, ಅಮೆರಿಕದ ಮೆಥೋಡಿಸ್ಟ್ ಮಿಷನರಿಗಳು, ಲಿಂಗಾಯತ ಮಠಗಳ ವಿರಕ್ತರು, ಹೀಗೆ ಮನೆ ಬಿಟ್ಟ ಮೂರು ಬಗೆಯ ಧರ್ಮಸೇವಕರು ಇಲ್ಲಿ ಬಾಳಿದ್ದಾರೆ.

ಮೊದಲನೆಯ ನಿದರ್ಶನ ಬಹಮನಿ ಕಾಲದ್ದು. 1422ರಿಂದ 1436ರವರೆಗೆ ಆಳಿದ ಸುಲ್ತಾನ ಅಹ್ಮದ್ ಶಾಹ, ಕಿರ್ಮಾನ್ ಪ್ರಾಂತದ ಮಾಹಾನದಲ್ಲಿ ನೆಲೆಸಿದ್ದ ಸೂಫಿ ಗುರು ಶಾಹ ನಿಅಮತುಲ್ಲಾ ವಲಿಯವರನ್ನು ದಖ್ಖನಿಗೆ ಆಹ್ವಾನಿಸಿದಾಗ, ವೃದ್ಧರಾಗಿದ್ದ ಅವರು ತಾವು ಬರದೆ ಮೊಮ್ಮಗ ನೂರುಲ್ಲಾ ಅವರನ್ನು ಕಳುಹಿಸಿಕೊಟ್ಟರು. ಸುಲ್ತಾನ ಆ ತರುಣನಿಗೆ ತನ್ನ ಮಗಳನ್ನು ಕೊಟ್ಟು ಮದುವೆ ಮಾಡಿದ. 1431ರಲ್ಲಿ ಗುರುಗಳು ತೀರಿಕೊಂಡ ಮೇಲೆ ಮಗ ಖಲೀಲುಲ್ಲಾ ತಾವೇ ಬೀದರಿಗೆ ಬಂದು ನೆಲೆಸಿದರು. ಇಲ್ಲಿ ಗಮನಿಸಬೇಕಾದದ್ದು, ಈ ಪರಂಪರೆ ದೇಶಾಂತರಕ್ಕೆ ಹೋದದ್ದು ಕುಟುಂಬವನ್ನು ತೊರೆದಲ್ಲ, ಕುಟುಂಬದ ಮೂಲಕವೇ ಎಂಬುದು. ಮಾಹಾನದಲ್ಲಿ ಗುರುಗಳ ಸಮಾಧಿಯ ಮೇಲೆ 1436ರಲ್ಲಿ ಪೂರ್ಣಗೊಂಡ ಗುಮ್ಮಟಕ್ಕೆ ಬೀದರಿನ ಹಣ ಹೋಯಿತು. ಬೀದರಿನಿಂದ ಅಷ್ಟೂರಿಗೆ ಹೋಗುವ ದಾರಿಯಲ್ಲಿ ಖಲೀಲುಲ್ಲಾ ಅವರ ಸಮಾಧಿಯಾಗಿ ಎದ್ದ, ಎಂಟು ಮೂಲೆಯ ಹೊರಗೋಡೆಯುಳ್ಳ ಚೌಖಂಡಿಯ ಕರಿಕಲ್ಲಿನ ಬಾಗಿಲುವಾಡದ ಮೇಲೆ ಶಿರಾಜಿನ ಲಿಪಿಕಾರನ ಅಕ್ಷರಗಳು ಮೂಡಿದವು. ಇನ್ನೂ ಮುಖ್ಯವಾದುದೆಂದರೆ, ಈ ಪಂಥದ ಗುರುಪೀಠ ಶತಮಾನಗಳ ಕಾಲ ದಖ್ಖನಿನಲ್ಲೇ ಉಳಿದು, ಇರಾನಿನಲ್ಲಿ ಪಂಥ ಕ್ಷೀಣಿಸಿದ್ದಾಗ, 18ನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿಂದಲೇ ಮಾಸೂಮ್ ಅಲಿ ಶಾಹ ಎಂಬ ಶಿಷ್ಯರನ್ನು ಅಲ್ಲಿಗೆ ಕಳುಹಿಸಿ ಅದನ್ನು ಮತ್ತೆ ಚಿಗುರಿಸಿತು. ತವರನ್ನು ಮರೆತಿದ್ದರೆ ಹೀಗೆ ಮರುಪಯಣ ಹೊರಡಿಸುವ ಪ್ರಸಂಗವೇ ಬರುತ್ತಿರಲಿಲ್ಲ.

ಕ್ರೈಸ್ತ ಮಿಷನ್‌ಗಳ ಕತೆಯಲ್ಲಿ ನಂಟಿನ ಜೊತೆಗೆ ಅದರ ಬೆಲೆಯೂ ಕಾಣುತ್ತದೆ. ಕರಾವಳಿ ಮತ್ತು ಮಲಬಾರಿನಲ್ಲಿ ದುಡಿದ ಬಾಸೆಲ್ ಮಿಷನ್ ತನ್ನ ತರುಣ ಸೇವಕರನ್ನು ಅವಿವಾಹಿತರಾಗಿಯೇ ಕಳುಹಿಸಿ, ಕೆಲವು ವರ್ಷಗಳ ಸೇವೆಯ ನಂತರ, ತನ್ನ ಒಪ್ಪಿಗೆ ಪಡೆದೇ ಮದುವೆಯಾಗಬೇಕೆಂದು ನಿಯಮ ಮಾಡಿತ್ತು. ಹುಟ್ಟಿದ ಮಕ್ಕಳನ್ನು ಶಾಲೆಯ ವಯಸ್ಸಿಗೆ ಯುರೋಪಿಗೆ ಕಳುಹಿಸುವುದು ಅಲ್ಲಿನ ರೂಢಿಯಾಗಿತ್ತು. ಈ ಮಿಷನ್ನಿನ ಹರ್ಮನ್ ಗುಂಡರ್ಟರ ಮಗಳು, ಮುಂದೆ ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿಯಾದ ಮರೀ, 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿ, ಎಳವೆಯಲ್ಲೇ ಯುರೋಪಿನಲ್ಲಿ ಬೇರೆಯವರ ಆಸರೆಯಲ್ಲಿ ಬೆಳೆದು, ಹದಿಹರೆಯದಲ್ಲಷ್ಟೇ ಭಾರತಕ್ಕೆ ಬಂದು ಹೆತ್ತವರನ್ನು ಕೂಡಿದಳು. ಅಮೆರಿಕದ ಮಿಷನರಿಗಳು ಈ ಅಗಲಿಕೆಯನ್ನು ಕಡಿಮೆ ಮಾಡಲು 1901ರಲ್ಲಿ ಕೊಡೈಕನಾಲಿನಲ್ಲಿ ತಮ್ಮ ಮಕ್ಕಳಿಗಾಗಿಯೇ ಶಾಲೆ ತೆರೆದರು. ಮನೆಯವರಿಂದ ದೂರವಿರುವ ತ್ಯಾಗವನ್ನು ಮಿಷನರಿ ತಾನಾಗಿ ಆರಿಸಿಕೊಳ್ಳಬಹುದು. ಆದರೆ ಆ ತ್ಯಾಗದ ಪಾಲು ಕೇಳದೆಯೇ ತಾಯಿಯ ಮೇಲೂ ಮಕ್ಕಳ ಮೇಲೂ ಬೀಳುತ್ತದೆ ಎಂಬುದನ್ನು ಇಂಥ ಶಾಲೆಗಳೇ ಒಪ್ಪಿಕೊಂಡಂತಾಯಿತು.

ಬೀದರಿನಲ್ಲಿ ಶಾಲೆ, ಆಸ್ಪತ್ರೆ ನಡೆಸಿದ ಮೆಥೋಡಿಸ್ಟ್ ಮಿಷನರಿಗಳಿಗೂ ಊರಿನ ಸುದ್ದಿ ಹಡಗಿನ ಟಪಾಲಿನಲ್ಲಿ ವಾರಗಳ ನಂತರ ತಲುಪುತ್ತಿತ್ತು. ಅಂದಿನ ಮಿಷನರಿ ಸಾಮಾನ್ಯವಾಗಿ ಎರಡು ಬಗೆಯ ಪತ್ರ ಬರೆಯುತ್ತಿದ್ದ: ಒಂದು ಮನೆಗೆ, ಇನ್ನೊಂದು ತನ್ನನ್ನು ಕಳುಹಿಸಿದ ಸಂಸ್ಥೆಗೆ ಮತ್ತು ಅದರ ದಾನಿಗಳಿಗೆ. ಎರಡನೆಯದು ಅಚ್ಚಾಗಿ ದೇಣಿಗೆ ತರುವಂಥದ್ದಾದ್ದರಿಂದ ಅದರಲ್ಲಿ ದೀಕ್ಷೆ ಪಡೆದವರ ಲೆಕ್ಕವೂ ಕಷ್ಟಗಳ ಬಣ್ಣನೆಯೂ ಮುಂದೆ ನಿಲ್ಲುವುದು ಸಹಜ. ಸೋಲು, ಸಂದೇಹ, ಜ್ವರ, ಒಂಟಿತನ ಇವು ಬಿಚ್ಚಿಕೊಳ್ಳುವ ಜಾಗ ಮೊದಲನೆಯದು. ಆದ್ದರಿಂದ ಮನೆಯ ಪತ್ರವನ್ನು ಮೋಹದ ಗುರುತೆಂದು ಕಾಣುವುದಕ್ಕಿಂತ, ತರುಣ ಸೇವಕ ತನಗೆ ತಾನು ಸುಳ್ಳು ಹೇಳಿಕೊಳ್ಳದಂತೆ ತಡೆಯುವ ಸಾಧನವೆಂದು ಕಾಣುವುದು ಹೆಚ್ಚು ಸರಿ.

ಇದಕ್ಕೆ ಪ್ರತಿವಾದವಾಗಿ ವಿರಕ್ತ ಪರಂಪರೆಯನ್ನು ಎತ್ತಿ ತೋರಿಸಬಹುದು. ಸನ್ಯಾಸ ದೀಕ್ಷೆ ಪಡೆದವರ ಹಿಂದಿನ ಬದುಕನ್ನು, ಅಂದರೆ ಹುಟ್ಟಿದ ಮನೆ ಮತ್ತು ರಕ್ತಸಂಬಂಧಗಳ ಬದುಕನ್ನು, ಪೂರ್ವಾಶ್ರಮವೆಂದು ಕರೆದು ಬದಿಗಿಡುವ ಪದ್ಧತಿಯಿದೆ. ಆದರೆ ಈ ಕಟ್ಟಳೆಯ ಮುಖ್ಯ ಪ್ರಯೋಜನ ಮಠದ ಆಸ್ತಿ ಮತ್ತು ಉತ್ತರಾಧಿಕಾರ ಬಂಧುಗಳ ಕೈಗೆ ಹೋಗದಂತೆ ಕಾಯುವುದೇ ಹೊರತು ಹುಟ್ಟಿದೂರಿನ ಋಣವನ್ನು ಅಳಿಸುವುದಲ್ಲ. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಔರಾದ ಸೀಮೆಯ ಕಮಲನಗರದಲ್ಲಿ ಹುಟ್ಟಿದವರು. ಪೀಠವೇರಿದ ಮೇಲೂ ಅವರು ಆ ಊರನ್ನು ಮರೆಯದೆ ಅಲ್ಲಿಯೂ ಶಾಲೆ ಕಟ್ಟಿದರು. ಅವರು ಬಿಟ್ಟದ್ದು ಮನೆಯ ಮೇಲಿನ ಹಕ್ಕನ್ನು, ಊರಿನ ಮೇಲಿನ ಹೊಣೆಯನ್ನಲ್ಲ.

ಇಂದಿನ ತೊಡಕು ಬೇರೆ ಬಗೆಯದು. ಹಿಂದೆ ಸುದ್ದಿ ಬಾರದ ಸಂಕಟವಿತ್ತು, ಈಗ ಸುದ್ದಿ ನಿಲ್ಲದ ಸಂಕಟವಿದೆ. ಔರಾದಿನ ಹಳ್ಳಿಯಿಂದ ಪಾಸ್ಟರ್ ಆಗಿಯೋ ಕನ್ಯಾಸ್ತ್ರೀಯಾಗಿಯೋ ಪರದೇಶಕ್ಕೆ ಹೋದವರು ದಿನವೂ ವಿಡಿಯೊ ಕರೆಯಲ್ಲಿ ಅವ್ವನ ಅಡುಗೆಮನೆಯಲ್ಲೇ ಕುಳಿತಂತಿದ್ದರೆ, ಅಲ್ಲಿನ ಭಾಷೆಯನ್ನೂ ಜನರನ್ನೂ ಅರಿಯುವುದು ಯಾವಾಗ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. 1853ರಲ್ಲಿ ಬಾಸೆಲ್ ಮಿಷನರಿಯಾಗಿ ಬಂದ ಕಿಟ್ಟೆಲರಿಗೆ 1894ರಲ್ಲಿ ಕನ್ನಡ ನಿಘಂಟನ್ನು ಪ್ರಕಟಿಸಲು ಸಾಧ್ಯವಾದದ್ದು ಸುತ್ತಲಿನ ಮಾತಿಗೆ ದಶಕಗಳ ಕಾಲ ಕಿವಿಗೊಟ್ಟದ್ದರಿಂದ. ಆದರೆ ಪೂರ್ಣ ನಿಷೇಧ ಇದಕ್ಕೆ ಮದ್ದಲ್ಲ. ತರುಣ ತರುಣಿಯರನ್ನು ಒಂದೂವರೆ ಎರಡು ವರ್ಷ ಮನೆಯಿಂದ ದೂರ ಕಳುಹಿಸುವ, ಮಾರ್ಮನ್ ಎಂದು ಹೆಸರಾದ ಅಮೆರಿಕದ ಕ್ರೈಸ್ತ ಪಂಥ, ವಾರಕ್ಕೊಮ್ಮೆ ಇಮೇಲ್ ಬರೆಯಲು ಬಿಟ್ಟಿದ್ದರೂ, ಮನೆಗೆ ಫೋನ್ ಮಾಡುವುದನ್ನು ಸಾಮಾನ್ಯವಾಗಿ ಕ್ರಿಸ್‌ಮಸ್ ಮತ್ತು ತಾಯಂದಿರ ದಿನಕ್ಕೆ ಸೀಮಿತಗೊಳಿಸಿತ್ತು. 2019ರ ಫೆಬ್ರುವರಿಯಲ್ಲಿ ಆ ನಿಯಮ ಸಡಿಲಿಸಿ ವಾರಕ್ಕೊಮ್ಮೆ ಮಾತನಾಡಲು ಅವಕಾಶ ಕೊಟ್ಟಿತು. ಕಟ್ಟುನಿಟ್ಟಿಗೆ ಹೆಸರಾದ ಸಂಸ್ಥೆಯೇ ಈ ತೀರ್ಮಾನಕ್ಕೆ ಬಂದಿರುವುದು ಗಮನಾರ್ಹ.

ಹೀಗಾಗಿ ನಂಟು ಬೇಕೇ ಬೇಡವೇ ಎಂದು ಕೇಳುವುದಕ್ಕಿಂತ, ಅದರ ಹದವನ್ನು ನಿರ್ಧರಿಸುವವರು ಯಾರು ಎಂದು ಕೇಳುವುದು ಲೇಸು. ನಿಯತವಾದ ಮಾತುಕತೆ, ಮೇಲಿನವರು ಓದದ ಪತ್ರ, ಹೆತ್ತವರ ಕಾಯಿಲೆ ಸಾವುಗಳಿಗೆ ಊರಿಗೆ ಬರುವ ರಜೆ ಮತ್ತು ಖರ್ಚು, ಇವು ಕಳುಹಿಸುವ ಸಂಸ್ಥೆ ಕೊಡಲೇಬೇಕಾದ ಕನಿಷ್ಠ ಸೌಲಭ್ಯಗಳು. ಉಳಿದ ಮಿತಿಯನ್ನು ಹಾಕಿಕೊಳ್ಳಬೇಕಾದವರು ಹೋದವರೇ. ಒಬ್ಬರ ಮಗನನ್ನೋ ಮಗಳನ್ನೋ ದೇವರ ಹೆಸರಿನಲ್ಲಿ ಕರೆದೊಯ್ಯುವ ಮಠವಾಗಲಿ, ಚರ್ಚಾಗಲಿ, ಸೂಫಿಗಳ ಖಾನ್ಖಾವಾಗಲಿ, ಆ ತಾಯಿತಂದೆಯರಿಗೂ ಉತ್ತರ ಕೊಡಬೇಕಾದ ಹೊಣೆಯನ್ನು ಹೊತ್ತುಕೊಂಡೇ ಕರೆದೊಯ್ಯಬೇಕು.